ಉಪಚಾರಕ್ಕೆ ಕರೆದವನ ಹೇಳಿಕೆ

೧

ಈ ಕಥೆಯನ್ನು ವಿಮಾನ ನಿಲ್ದಾಣದಿಂದ ಶುರುಮಾಡು ಅನ್ನುತ್ತಾರೆ ಎಲ್ಲರೂ. ಟೆಹರಾನಿನಿಂದ ವಾಪಸು ಹೊರಟ ಹೆಂಗಸು, ಪಾಸ್‌ಪೋರ್ಟ್ ಕೌಂಟರು, ‘ಒಂದು ನಿಮಿಷ ಈ ಕಡೆ ಬನ್ನಿ’ ಎನ್ನುವ ಇಬ್ಬರು. ಹಾಗೆ ಶುರುಮಾಡಿದರೆ ತಪ್ಪೆಲ್ಲ ಆ ಇಬ್ಬರದ್ದೇ ಆಗಿಬಿಡುತ್ತದೆ. ಇರಾಜ್‌ಗೆ ಬೇಕಾದದ್ದೂ ಅದೇ. ಅದಕ್ಕೇ ನಾನು ಅವನ ಮನೆಯ ಊಟದ ಮೇಜಿನಿಂದ ಶುರುಮಾಡುತ್ತೇನೆ.

(ಇರಾಜ್ ಯಾರೆಂದರೆ, ಟೆಹರಾನಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು, ವಯಸ್ಸು ಐವತ್ತೆರಡು, ಯಾರ ಮನಸ್ಸನ್ನೂ ನೋಯಿಸದವನು. ಕೊನೆಯದನ್ನು ಅವನೇ ಹೇಳಿ ಬರೆಸಿದ.)

೨

ಹೊಸ ವರ್ಷದ ಊಟ. ಸೊಪ್ಪಿನ ಅನ್ನ, ಹುರಿದ ಮೀನು. ವೀಡಿಯೊ ಕಾಲ್‌ನಲ್ಲಿ ವಿಯೆನ್ನಾದಿಂದ ಚಿಕ್ಕಪ್ಪನ ಮಗಳು ಫರಾನಕ್. ನಾಲ್ಕನೇ ವಯಸ್ಸಿಗೆ ದೇಶ ಬಿಟ್ಟವಳು, ಅಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಎರಡು ದೇಶಗಳ ಪಾಸ್‌ಪೋರ್ಟ್ ಇದೆ.

“ನಿನ್ನ ಜಾಗ ಇಲ್ಲಿ ಖಾಲಿ ಇದೆ ಕಣಮ್ಮ,” ಎಂದ ಇರಾಜ್. “ಬಂದು ನಾಲ್ಕು ದಿನ ಇದ್ದು ಹೋಗು. ಇದು ನಿನ್ನದೇ ಮನೆ.”

ಇಲ್ಲಿ ಹೀಗೆ ಎಲ್ಲರಿಗೂ ಹೇಳುತ್ತಾರೆ. ಕೇಳಿದವರು ‘ಅಯ್ಯೋ, ನಿಮಗ್ಯಾಕೆ ತೊಂದರೆ’ ಎನ್ನಬೇಕು. ಇವರು ಮತ್ತೆ ಕರೆಯಬೇಕು, ಅವರು ಮತ್ತೆ ಬೇಡವೆನ್ನಬೇಕು. ಆಮೇಲೂ ಬಿಡದೆ ಕರೆದರೆ ಅದು ನಿಜವಾದ ಕರೆ. ಫರಾನಕ್‌ಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲನೇ ಮಾತಿಗೇ ಅವಳ ಕಣ್ಣಲ್ಲಿ ನೀರು ಬಂತು.

“ನಿಜವಾಗ್ಲೂನಾ ಅಣ್ಣಾ? ಹಾಗಾದ್ರೆ ಬಂದ್ಬಿಡ್ತೀನಿ.”

ಇರಾಜ್‌ನ ಹೆಂಡತಿ ಮನೀಜೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಕಾಲ್ ಮುಗಿದದ್ದೇ ತಡ, ಹರಿಹಾಯ್ದಳು. “ನಿಮ್ಮ ಬಾಯಿಗೆ ಬೀಗ ಹಾಕ್ಬೇಕು ಕಣ್ರೀ. ಎರಡು ಪಾಸ್‌ಪೋರ್ಟ್ ಇರೋರನ್ನ ಹಿಡಿದು ಒಳಗೆ ಹಾಕ್ತಿರೋದು ಗೊತ್ತಿಲ್ವಾ? ಫೋನ್ ಮಾಡಿ ಬೇಡ ಅನ್ನಿ.”

“ಕರೆದು ಆಮೇಲೆ ಬೇಡ ಅನ್ನೋದು ಹೇಗೆ? ನಾಚಿಕೆ ಆಗಲ್ವಾ?”

ಆ ನಾಚಿಕೆಯಲ್ಲೇ ಆರು ವಾರ ಕಳೆದ. ಅವಳು ಬಂದಿಳಿದಳು.

೩

(ಇಲ್ಲಿ ಮೂರು ಪುಟ ಹರಿದುಹಾಕಿದ್ದೇನೆ. ಅವುಗಳಲ್ಲಿ ಫರಾನಕ್ ಹದಿನೆಂಟು ದಿನ ಇದ್ದಳು, ಮನೀಜೆಯಿಂದ ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕುವುದು ಕಲಿತಳು, ಅಪ್ಪ ಆಡಿ ಬೆಳೆದ ಓಣಿ ನೋಡಿ ಅತ್ತಳು. ಚೆನ್ನಾಗಿ ಬಂದಿತ್ತು. ಅದಕ್ಕೇ ಹರಿದೆ. ಅಷ್ಟು ಚೆಂದದ ಸತ್ಕಾರ ಓದಿದ್ದರೆ ನೀವು ಇರಾಜ್‌ನನ್ನು ಕ್ಷಮಿಸಿಬಿಡುತ್ತಿದ್ದಿರಿ.)

೪

ಹೊರಡುವ ದಿನ ಹಿಡಿದರು. ಗೂಢಚಾರಿಣಿ ಎಂದರು. ಈಜು ಕಲಿಸುವವಳ ಹತ್ತಿರ ಏನು ಗುಟ್ಟಿರುತ್ತದೆ ಎಂದು ಕೇಳಬೇಡಿ, ಹಿಡಿದವರಿಗೂ ಅದು ಬೇಕಾಗಿಲ್ಲ. ಇವರಿಗೆ ಬೇಕಾದ ಒಬ್ಬ ಮನುಷ್ಯ ಅವಳ ಇನ್ನೊಂದು ದೇಶದ ಜೈಲಿನಲ್ಲಿದ್ದಾನೆ. ಅವನನ್ನು ಅವರು ಬಿಡುವವರೆಗೆ ಇವಳನ್ನು ಇವರು ಬಿಡುವುದಿಲ್ಲ. ಓಣಿಯ ತರಕಾರಿಯವನಿಗೂ ಇದು ಗೊತ್ತು.

ವಾರದ ಮೇಲೆ ಇರಾಜ್‌ಗೆ ಬುಲಾವ್ ಬಂತು. ಅಧಿಕಾರಿ ಮರ್ಯಾದಸ್ಥ, ಚಹಾ ತರಿಸಿದ.

“ನೀವು ಕರೆಸಿಕೊಂಡ್ರಾ, ಇಲ್ಲಾ ಅವರಾಗೇ ಬಂದ್ರಾ?”

ಕರೆಸಿಕೊಂಡೆ ಎಂದರೆ ಅವಳು ನೆಂಟರನ್ನು ನೋಡಲು ಬಂದವಳು. ಅವಳಾಗೇ ಬಂದಳು ಎಂದರೆ ಯಾರೋ ಕಳಿಸಿದವಳು. ಇರಾಜ್‌ಗೆ ಅಂಗಡಿಯ ಪರವಾನಗಿ, ಮಗಳ ಕಾಲೇಜು ಎರಡೂ ಕಣ್ಣ ಮುಂದೆ ಬಂದವು.

“ಉಪಚಾರಕ್ಕೆ ಒಂದು ಮಾತು ಅಂದಿದ್ದೆ ಸಾರ್. ನಿಜವಾಗಿ ಬರ್ತಾಳೆ ಅಂದ್ಕೊಂಡಿರಲಿಲ್ಲ.”

“ಅದನ್ನೇ ಬರೆದು ಕೊಡಿ.”

ಬರೆದುಕೊಟ್ಟ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನನಗೆ ಹೇಸಿಗೆ ಹುಟ್ಟಿಸುವುದು ಇದೇ.

೫, ಅಥವಾ ಜಗಳ

“ನೀನಿದ್ದಿದ್ರೆ ಏನು ಮಾಡ್ತಿದ್ದೆ?” ಇರಾಜ್ ನನ್ನ ಮೇಲೇ ತಿರುಗಿಬಿದ್ದ. “ದೊಡ್ಡ ಕತೆಗಾರ! ಯಾವ ಊರಲ್ಲಿ ಕೂತು ಬರೀತಿದ್ದೀಯಾ ಅಂತ ಮೊದ್ಲು ಓದೋರಿಗೆ ಹೇಳು, ಧೈರ್ಯ ಇದ್ರೆ.”

ಹೇಳುವುದಿಲ್ಲ. ಅವನ ಹೆಸರು ಇರಾಜ್ ಅಲ್ಲ, ಅಂಗಡಿ ಕನ್ನಡಕದ್ದಲ್ಲ, ಈ ಕಥೆಯ ಕೆಳಗೆ ನನ್ನ ಹೆಸರೂ ಇರುವುದಿಲ್ಲ. ನಾನೂ ಅವನಂಥವನೇ. ಮುಂದಕ್ಕೆ ಹೋಗೋಣ.

೬

ಆ ಹೇಳಿಕೆ ಇಟ್ಟುಕೊಂಡು ಫರಾನಕ್‌ಗೆ ಹತ್ತು ವರ್ಷ ಶಿಕ್ಷೆ ಕೊಟ್ಟರು. ಮೇಲ್ಮನವಿಗೆ ಒಂದು ಮಾತು ಸಾಕು, ‘ನಾನೇ ಕರೆದೆ’ ಅಂತ ಹೇಳಿ ಎಂದು ಅವಳ ವಕೀಲೆ ಎರಡು ಸಲ ಅಂಗಡಿಗೇ ಬಂದು ಕೇಳಿದ್ದಾಳೆ. ಎರಡು ಸಲವೂ ಇರಾಜ್ ಅವಳಿಗೆ ಒಳ್ಳೆಯ ಚಹಾ ಕೊಟ್ಟು ಕಳಿಸಿದ.

ಗುರುವಾರ ಮಧ್ಯಾಹ್ನ ಜೈಲಿನಿಂದ ಫೋನ್ ಬಂತು. ಐದು ನಿಮಿಷ, ಮಾತೆಲ್ಲ ರೆಕಾರ್ಡ್ ಆಗುತ್ತದೆ.

“ಅಣ್ಣಾ, ನೀನು ಬರೆದ ಕಾಗದ ತೋರಿಸಿದ್ರು,” ಎಂದಳು ಫರಾನಕ್. “ಇಲ್ಲಿ ಹೆಂಗಸರು ನಗ್ತಾರೆ. ಒಂದೇ ಮಾತಿಗೆ ಗಂಟುಮೂಟೆ ಕಟ್ಕೊಂಡು ಬಂದ್ಬಿಟ್ಯಾ ಪೆದ್ದಿ ಅಂತಾರೆ. ನಂಗೆ ಗೊತ್ತಾಗ್ಲಿಲ್ಲ ಅಣ್ಣಾ, ಕ್ಷಮಿಸು. ನಿಮಗೆಲ್ಲ ತೊಂದರೆ ಕೊಟ್ಟೆ. ಒಂದು ಕೇಳ್ಲಾ? ನಾನು ಬರೋದು ನಿಂಗೆ ಸ್ವಲ್ಪನಾದ್ರೂ ಬೇಕಾಗಿತ್ತಾ?”

ನೆಲ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ನನಗೂ.

ಒಂದನೇ ಅಂತ್ಯ. “ಬೇಕಂತಲೇ ಕರೆದೆ ಕಣೇ, ನಾನೇ ಕರೆದೆ,” ಎನ್ನುತ್ತಾನೆ. ಅವಳಿಗೆ ಸಮಾಧಾನ, ವಕೀಲೆಗೆ ಸಾಕ್ಷಿ. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಆ ವಾಕ್ಯದ ಹತ್ತಿರ ಬಂದು ಇರಾಜ್ ಕೆಮ್ಮುತ್ತಾನೆ.

ಎರಡನೇ ಅಂತ್ಯ. ಎರಡು ಸರ್ಕಾರಗಳು ಕೈದಿಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ವಿಮಾನ, ಹೂಗುಚ್ಛ, ಕ್ಯಾಮೆರಾ. ಇರಾಜ್ ಟಿವಿ ಮುಂದೆ ಅಳುತ್ತಾನೆ. “ಇದನ್ನೇ ಇಟ್ಕೊ ಮಾರಾಯ,” ಎಂದು ಅಂಗಲಾಚಿದ. ಅವಳು ಬಿಡುಗಡೆಯಾದರೆ ಉತ್ತರ ಕೊಡುವುದರಿಂದ ಅವನಿಗೂ ಬಿಡುಗಡೆಯಲ್ಲವೇ. ಹೊಡೆದುಹಾಕಿದೆ.

ಇನ್ನೊಂದಿದೆ. ಅದನ್ನು ನಾನು ಕಟ್ಟಿದ್ದಲ್ಲ.

“ಊಟ ಆಯ್ತಾ?” ಎಂದ ಇರಾಜ್.



“ಆಯ್ತು ಅಣ್ಣಾ. ನಿಂದು?”

“ಆಯ್ತು.”

ಇದನ್ನು ಅಂತ್ಯ ಎಂದು ಕರೆಯಬೇಡಿ. ಐದು ನಿಮಿಷದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು, ಇಬ್ಬರೂ ಫೋನ್ ಇಟ್ಟಿರಲಿಲ್ಲ.