ಮೈಕ್ ಇಲ್ಲದ ಒಂದು ಪ್ರಶ್ನೆ

ಮದುವೆಯ ದಿನ ಪಾದ್ರಿ ಕೇಳುವ ಪ್ರಶ್ನೆಯನ್ನು ತನ್ನ ಕಿವಿಯಿಂದಲೇ ಕೇಳಿ ಉತ್ತರಿಸಬೇಕು: ಮೆಲಿಷಾಳ ಹಟ ಇಷ್ಟೇ. ಎಳವೆಯಲ್ಲಿ ಒಂದು ಜ್ವರ ಅವಳ ಶ್ರವಣವನ್ನು ಒಯ್ದಿತ್ತು. ಮಣಿಪಾಲದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದ ಮೇಲೆ ಕಾಪುವಿನ ಮನೆಯಲ್ಲಿ ಅವಳ ಬಾಯಿಗೆ ಎದುರು ನಿಲ್ಲುವವರಿರಲಿಲ್ಲ. ಇಗರ್ಜಿ ಮಾತ್ರ, ಅದು ಯಾವ ಊರಿನ ಚರ್ಚೇ ಆಗಿರಲಿ, ಅವಳನ್ನು ಸೋಲಿಸುತ್ತಿತ್ತು. ತಲೆಯ ಮೇಲೆ ಎತ್ತರದ ಮಾಡು, ಬರಿಯ ಗೋಡೆ, ಕಂಬಕ್ಕೊಂದು ಸ್ಪೀಕರ್. ಆಡಿದ ಮಾತು ಅಡಗುವ ಮೊದಲೇ ಮುಂದಿನ ಮಾತು ಬಂದು ಅದರ ಮೇಲೆ ಬೀಳುತ್ತಿತ್ತು. ಹೀಗಾಗಿ ಅವಳ ಅದುವರೆಗಿನ ಆಮೆನ್‌ಗಳೆಲ್ಲ ತಾಯಿ ಬರ್ತಾ ಮೊಣಕೈಯಿಂದ ತಿವಿದಾಗಲೇ ಹೊರಟವು.

“ಇನ್ನು ಮುಂದೆ ಜೋವಿನ್ ತಿವಿಯುತ್ತಾನೆ, ಬಿಡು” ಎಂದರು ಬರ್ತಾ, ಮದುಮಗನ ಹೆಸರೆತ್ತಿ.

“ತಿವಿಸಿಕೊಂಡು ಒಪ್ಪಿಗೆ ಕೊಡಲಿಕ್ಕೆ ನಾನೇನು ಗಾಡಿಯ ಎತ್ತಾ, ಮಮ್ಮಿ?”

ಅದಕ್ಕೊಂದು ಉಪಾಯವೂ ಸಿಕ್ಕಿತ್ತು. ಮಣಿಪಾಲದ ಆಡಿಯಾಲಜಿಸ್ಟ್ ಸಿಂಥಿಯಾ ಬೆರಳುದ್ದದ ಮೈಕೊಂದನ್ನು ಕೊಟ್ಟಿದ್ದರು. ಪಾದ್ರಿಯ ಎದೆಗೆ ಅದನ್ನು ಸಿಕ್ಕಿಸಿದರೆ ಮಾತು ಗೋಡೆಗಳಿಗೆ ಬಡಿದು ಬರುವ ಗೋಜಿಲ್ಲದೆ ನೇರವಾಗಿ ಮೆಲಿಷಾಳ ಕಿವಿಯ ಯಂತ್ರಕ್ಕೆ ತಲುಪುತ್ತಿತ್ತು. ಅದು ಮದುವೆಮನೆಯ ಗಡಿಬಿಡಿಯಲ್ಲಿ ಕಳೆಯಬಾರದೆಂದು ಅವಳ ಚಿಕ್ಕಪ್ಪ ಕ್ಲಾರೆನ್ಸ್ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. “ಇದು ಜೇಬಲ್ಲ, ಲಾಕರ್” ಎಂದೂ ಹೇಳಿದರು.

ಮದುವೆಯ ಮುನ್ನಾದಿನ ಸಂಜೆ ರೋಸ್ ಶಾಸ್ತ್ರ. ಹಿರಿಯರು ಒಬ್ಬೊಬ್ಬರಾಗಿ ಬಂದು ಮದುಮಗಳ ತಲೆಗೆ ತೆಂಗಿನಹಾಲು ಹಚ್ಚುತ್ತಾರೆ. ಮೆಲಿಷಾ ಜಾಗ್ರತೆಯಿಂದ ಕಿವಿಯ ಯಂತ್ರವನ್ನು ತೆಗೆದು ಡಬ್ಬಿಯೊಳಗಿಟ್ಟು ಕುಳಿತಳು. ಶಾಸ್ತ್ರ ಮುಗಿದ ಮೇಲೆ ಉಳಿದ ಹಾಲನ್ನು ಬಂಧುಗಳು ಒಬ್ಬರ ಮೇಲೊಬ್ಬರು ಸುರಿದುಕೊಳ್ಳುವುದುಂಟು. ಅವಳ ಕಣ್ಣೆದುರೇ, ಸದ್ದಿಲ್ಲದ ಲೋಕದಲ್ಲಿ, ಇಡೀ ಪಾತ್ರೆ ಕ್ಲಾರೆನ್ಸರ ನೆತ್ತಿಯ ಮೇಲೆ ಬೋರಲಾಯಿತು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಕ್ಲಾರೆನ್ಸರೂ ನಕ್ಕರು, ಮರುಕ್ಷಣ ಅವರ ಕೈ ಜೇಬಿಗೆ ಹೋಯಿತು, ನಗು ನಿಂತಿತು.

ಒರೆಸಿದರು, ಅಕ್ಕಿಯಲ್ಲಿ ಹೂತಿಟ್ಟರು. ಬೆಳಗಾದರೂ ಮೈಕಿನ ದೀಪ ಹತ್ತಲಿಲ್ಲ.

ಕಾರು ಕಾರ್ಕಳದ ಕಡೆಗೆ, ಮದುವೆ ನಡೆಯಬೇಕಿದ್ದ ಜೋವಿನ್‌ನ ಊರಿನ ಇಗರ್ಜಿಗೆ ಹೊರಟಿತು. ಬಿಳಿ ಗೌನಿನ ಮೇಲೆ ಕೈಕಟ್ಟಿ ಮೆಲಿಷಾ ಲೆಕ್ಕ ಹಾಕತೊಡಗಿದಳು. ಆ ಇಗರ್ಜಿಯಲ್ಲಿ ಒಂದು ಮಾತಾದರೂ ತನಗೆ ಸರಿಯಾಗಿ ಕೇಳಿಸಿದೆಯೇ? ಕೇಳಿಸಿದೆ! ಮೊನ್ನೆ ಮದುವೆಯ ತಾಲೀಮಿಗೆ ಹೋದಾಗ, ಅಲ್ಲಿಯ ಮೂಲೆಯ ಗೂಡಿನಂಥ ಮರದ ಪೆಟ್ಟಿಗೆಯಲ್ಲಿ ಮೊಣಕಾಲೂರಿ, ಮಾಡಿದ ತಪ್ಪುಗಳನ್ನು ಪಾದ್ರಿಗೆ ಒಪ್ಪಿಸುವ ಪಾಪನಿವೇದನೆ ಮಾಡಿದಾಗ. ಇವತ್ತು ಮದುವೆ ಮಾಡಿಸಲಿರುವ ಫಾದರ್ ರೊಸಾರಿಯೊ ಜಾಲರಿಯ ಆಚೆಯಿಂದ ಪಿಸುಗುಟ್ಟಿದ್ದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಅದೇ ಇಗರ್ಜಿ, ಅದೇ ಪಾದ್ರಿ, ಇದೇ ಕಿವಿ. ಅಲ್ಲಿ ಇಲ್ಲದಿದ್ದದ್ದು ಸ್ಪೀಕರ್, ಅಲ್ಲಿ ಇದ್ದದ್ದು ಸಾಮೀಪ್ಯ.

“ಪಾಪನಿವೇದನೆ!” ಎಂದು ಅವಳು ಕೂಗಿದಳು.

ಕಾರು ಓಡಿಸುತ್ತಿದ್ದ ತಂದೆ ಲಿಯೋನೆಲ್ ಗಕ್ಕನೆ ಬ್ರೇಕ್ ಹಾಕಿದರು. “ಈಗ? ಮೊನ್ನೆಯಿಂದ ಇವತ್ತಿನೊಳಗೆ ಎಂತ ಪಾಪ ಮಾಡಿದ್ದೀ ಮಾರಾಯ್ತಿ?”

“ನಿಲ್ಲಿಸಬೇಡಿ ಪಪ್ಪಾ, ಬೇಗ ಹೋಗಿ!”

ಇಗರ್ಜಿಯ ಬದಿಯ ಕೋಣೆಯಲ್ಲಿ ಫಾದರ್ ರೊಸಾರಿಯೊ ಉಡುಪು ತೊಡುತ್ತಿದ್ದರು. ಮೆಲಿಷಾ ಒಂದೇ ಉಸಿರಿನಲ್ಲಿ ಬೇಡಿಕೆ ಮುಂದಿಟ್ಟಳು. ಆ ಪ್ರಶ್ನೆಯ ಹೊತ್ತಿಗೆ ಸ್ಪೀಕರ್ ಬೇಡ, ಫ್ಯಾನ್ ಬೇಡ. ಫಾದರ್ ಪೆಟ್ಟಿಗೆಯಲ್ಲಿದ್ದಷ್ಟೇ ಹತ್ತಿರ ನಿಂತು ನಿಧಾನವಾಗಿ ಕೇಳಬೇಕು.

ಅಲ್ಲಿಯೇ ಇದ್ದ ವಿಡಿಯೊದ ಕಾರ್ಲ್ಟನ್ ತಲೆಗೆ ಕೈ ಹಚ್ಚಿಕೊಂಡ. “ಕುವೈಟಿನಲ್ಲಿ ಲೈವ್ ನೋಡುವವರಿಗೆ ಎಂತ ಕೇಳಿಸುತ್ತದೆ?”

ಫಾದರೂ ಅನುಮಾನಿಸಿದರು. “ಮಗಳೇ, ಇಡೀ ಸಭೆ ಈ ಪ್ರಶ್ನೆಗೆ ಸಾಕ್ಷಿ. ಅವರಿಗೆ ಕೇಳಿಸಬೇಡವಾ?”

“ಪ್ರಶ್ನೆ ನನಗಲ್ವಾ ಫಾದರ್? ನನ್ನ ಉತ್ತರ ಅವರಿಗೆ ಕೇಳಿಸುತ್ತದೆ. ಆ ಜವಾಬ್ದಾರಿ ನನ್ನದು.”

ಫಾದರ್ ತಮ್ಮ ಕಾಲರಿನ ಮೈಕನ್ನು ಬೆರಳಿನಿಂದ ತಟ್ಟಿ ಕಾರ್ಲ್ಟನ್‌ನ ಕಡೆಗೆ ತಿರುಗಿದರು. “ಅಲ್ಲಿಯವರೆಗೆ ಇದು ಬೇಕು. ನಾನು ಕಣ್ಸನ್ನೆ ಮಾಡಿದ ಕೂಡಲೇ ಬಂದ್ ಮಾಡು. ಫ್ಯಾನೂ.”

ಆ ಗಳಿಗೆ ಬಂದಿತು. ಸ್ಪೀಕರುಗಳು ಮೌನವಾದವು, ಫ್ಯಾನುಗಳು ತಿರುಗಿ ತಿರುಗಿ ನಿಂತವು. ಮೇ ತಿಂಗಳ ಸೆಕೆಯಲ್ಲಿ ಕೋಟು ತೊಟ್ಟ ಗಂಡಸರು ಬೆವರಿದರು, ಒಬ್ಬರೂ ಕೆಮ್ಮಲಿಲ್ಲ. ಜೋವಿನ್‌ನ ಸರದಿ ಮುಗಿಯಿತು. ಫಾದರ್ ಒಂದು ಹೆಜ್ಜೆ ಮುಂದೆ ಬಂದು, ಅವಳ ಕಿವಿಯ ಕಡೆಗೆ ಬಾಗಿ, ಪದ ಪದ ಬಿಡಿಸಿ ಕೇಳಿದರು. ಜೋವಿನ್‌ನನ್ನು ಪತಿಯಾಗಿ ಸ್ವೀಕರಿಸುತ್ತೀಯಾ? ಸುಖದಲ್ಲಿಯೂ ದುಃಖದಲ್ಲಿಯೂ?

ಪ್ರತಿಯೊಂದು ಪದವೂ ಬಂದಿತು! ಮೊದಲು ಬಾಯಿಯದು, ಗಟ್ಟಿಯಾಗಿ. ಗೋಡೆಯದು ಆಮೇಲೆ, ಸೋತ ಓಟಗಾರನಂತೆ. ಆ ಸಂತೋಷವನ್ನು ಸವಿಯುತ್ತ ಮೆಲಿಷಾ ಒಂದು ಕ್ಷಣ ಸುಮ್ಮನೆ ನಿಂತಳು.

ಮುಂದಿನ ಸಾಲಿನಲ್ಲಿ ಬರ್ತಾರಿಗೆ ತಡೆಯಲಾಗಲಿಲ್ಲ. ಅವರ ಮೊಣಕೈ ಹಳೆಯ ರೂಢಿಯಂತೆ ಚಿಮ್ಮಿ, ಪಕ್ಕದಲ್ಲಿದ್ದ ಕ್ಲಾರೆನ್ಸರ ಪಕ್ಕೆಗೆ ನಾಟಿತು.

“ಹೌದು!” ಎಂದಳು ಮೆಲಿಷಾ, ಎದೆ ತುಂಬ ಉಸಿರೆಳೆದು. ಆ ಮಾತು ಮಾಡಿಗೇರಿ, ಕಂಬ ಕಂಬಕ್ಕೂ ತಗಲಿ, ಬಾಗಿಲಲ್ಲಿ ನಿಂತವರವರೆಗೂ ಹೋಗಿ ಹಿಂದಿರುಗಿತು. ಅವಳು ತಲೆ ಎತ್ತಿ ಅದನ್ನೂ ಪೂರ್ತಿಯಾಗಿ ಕೇಳಿಸಿಕೊಂಡಳು.