ಭಟ್ಟಿ ಮೇಡಂ ಗ್ರಿಲ್ ಕೊಂಡದ್ದು

ನನ್ನ ಸೋದರತ್ತೆ ಯಾವ ವಸ್ತುವನ್ನೂ ಬರಿಗಣ್ಣಿನಿಂದ ನೋಡಿ ನಂಬಿದವಳಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ಕತ್ತನ್ನು ತುಸು ವಾಲಿಸಿ, ಅದು ಕೊಡುವ ಸದ್ದನ್ನು ಕೇಳಿದ ಮೇಲೆಯೇ ಅದರ ಯೋಗ್ಯತೆಯನ್ನು ತೀರ್ಮಾನಿಸುವವಳು. ಕಲ್ಲಂಗಡಿ ಹಣ್ಣನ್ನು ತಟ್ಟುವುದು ಲೋಕರೂಢಿ. ಅತ್ತೆ ಬಾಗಿಲನ್ನು ತಟ್ಟುತ್ತಾಳೆ, ಗೋಡೆಯನ್ನು ತಟ್ಟುತ್ತಾಳೆ, ನೆಂಟರ ಮನೆಯ ಹೊಸ ಮೇಜನ್ನು ಅವರೆದುರಿಗೇ ತಟ್ಟಿ, "ಒಳಗೆ ಪೊಳ್ಳು" ಎಂದು ಹೇಳಿ, ಅವರು ಕೊಟ್ಟ ಕಾಫಿಯನ್ನು ನಿಶ್ಚಿಂತೆಯಿಂದ ಕುಡಿದು ಬರುತ್ತಾಳೆ. ನನ್ನ ಮೊದಲ ಪುಸ್ತಕವನ್ನು ಆಕೆಯ ಕೈಗಿತ್ತಾಗಲೂ ರಟ್ಟಿನ ಮೇಲೆ ಎರಡು ಸಲ ತಟ್ಟಿ, "ಸದ್ದೇ ಇಲ್ಲವಲ್ಲೋ" ಎಂದಿದ್ದಳು. ವಿಮರ್ಶಕರು ಅದೇ ಮಾತನ್ನು ಹೇಳಲು ನಾಲ್ಕು ಪುಟ ತೆಗೆದುಕೊಂಡರು.

ಈ ಅಭ್ಯಾಸ ಪಿಂಗಾಣಿ ಕಾರ್ಖಾನೆಯಿಂದ ಬಂದದ್ದು. ಅಲ್ಲಿ ತಟ್ಟೆ ಬಟ್ಟಲುಗಳನ್ನು ಸುಡುವ ಭಟ್ಟಿಯ ಉಸ್ತುವಾರಿ ಮೂವತ್ತೊಂದು ವರ್ಷ ಆಕೆಯದಾಗಿತ್ತು. ಕೂದಲೆಳೆಯಷ್ಟು ಬಿರುಕಿದ್ದರೂ ಬಟ್ಟಲು ಗಂಟೆಯಂತೆ ಅನುರಣಿಸದೆ ಮೊದ್ದಾಗಿ 'ಠಕ್' ಎನ್ನುತ್ತದೆ. ಆ ಠಕ್ಕನ್ನು ಅತ್ತೆ ಇಡೀ ಕಾರ್ಖಾನೆಯ ಗದ್ದಲದ ನಡುವೆ ಹೆಕ್ಕಿ ತೆಗೆಯುತ್ತಿದ್ದಳಂತೆ. ಭಟ್ಟಿಯ ಬಾಗಿಲ ಬಳಿಯ ಬಟ್ಟಲೂ ನಟ್ಟನಡುವಿನ ಬಟ್ಟಲೂ ಒಂದೇ ತಾಯಿಯ ಮಕ್ಕಳಂತೆ ಹೊರಬರಬೇಕು ಎನ್ನುವುದು ಆಕೆಯ ವೃತ್ತಿಧರ್ಮ. ಎಲ್ಲರೂ ಆಕೆಯನ್ನು 'ಭಟ್ಟಿ ಮೇಡಂ' ಎಂದೇ ಕರೆಯುತ್ತಿದ್ದರು. ಪಕ್ಕದ ಮನೆಗೆ ಹೊಸದಾಗಿ ಬಂದ ಸಂಸಾರವೊಂದು ಆ ಹೆಸರನ್ನು ಕೇಳಿ, ಪಾಪ, ಸಾರಾಯಿ ಭಟ್ಟಿಯೆಂದು ತಿಳಿದು, ಒಂದು ತಿಂಗಳು ಅತ್ತೆಯ ಗೇಟಿನ ಕಡೆ ತಲೆ ಹಾಕಿರಲಿಲ್ಲ.

ಆಕೆಯ ನಡಿಗೆಯೂ ಕಾರ್ಖಾನೆಯದೇ. ಹಸಿ ಬಟ್ಟಲು ತುಂಬಿದ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಇಕ್ಕಟ್ಟಾದ ಓಣಿಗಳಲ್ಲಿ ಓಡಾಡಿದವಳಾದ್ದರಿಂದ, ಎಷ್ಟೇ ಅಗಲವಾದ ಬೀದಿಯಲ್ಲೂ ಒಂದು ಭುಜವನ್ನು ಮುಂದೆ ಮಾಡಿ ಓರೆಯಾಗಿಯೇ ನಡೆಯುತ್ತಾಳೆ. ಮೈಮೇಲೆ ಅದೇ ಖಾಕಿ ಕೋಟು. ಅದರ ತೋಳಿನ ಅಂಚು ಸುಟ್ಟು ಕಂದಿದೆ, ಜೇಬು ಮಾತ್ರ ಇಸ್ತ್ರಿ ಮಾಡಿದಷ್ಟು ಮಟ್ಟಸ. ಮಾತು ಕಡಿಮೆ. ಆಡಿದ ಮಾತಿಗೆಲ್ಲ ಕೊನೆಯಲ್ಲಿ "ಅಷ್ಟೇ ವಿಷಯ" ಎಂಬ ಬೀಗ ಜಡಿಯುತ್ತಾಳೆ, ಆಮೇಲೆ ಬ್ರಹ್ಮ ಬಂದರೂ ಅದು ತೆರೆಯುವುದಿಲ್ಲ.

ಕಾರ್ಖಾನೆಯ ಭಟ್ಟಿಯನ್ನು ಬಿಟ್ಟುಬಂದ ಮೇಲೆ ಅತ್ತೆಯ ಬೆಂಕಿ ಹಿತ್ತಲಿಗೆ ವಾಸ್ತವ್ಯ ಬದಲಿಸಿತು. ಅಲ್ಲೊಂದು ಗ್ಯಾಸಿನ ಗ್ರಿಲ್, ಅಂದರೆ ಉರಿಯ ಮೇಲೆ ಸರಳು ಹಾಸಿ ಸುಡುವ ಒಲೆ, ಇತ್ತು. ತಿಂಗಳ ಕೊನೆಯ ಭಾನುವಾರ ಕಾರ್ಖಾನೆಯ ಹಳೆಯ ಗೆಳತಿಯರು, ನಾವು ನೆಂಟರಿಷ್ಟರು, ಎಲ್ಲ ಸೇರಿ ಇಪ್ಪತ್ತು ಇಪ್ಪತ್ತೈದು ಜನ ಅಲ್ಲಿ ನೆರೆಯುತ್ತಿದ್ದೆವು. ಜೋಳದ ತೆನೆ, ಆಲೂಗಡ್ಡೆ, ಮೀನು, ಕೋಳಿ, ಏನೇ ಇರಲಿ, ಮೊದಲ ತಟ್ಟೆಗೂ ಕೊನೆಯ ತಟ್ಟೆಗೂ ಬಣ್ಣದಲ್ಲಿ ಕಿಂಚಿತ್ತೂ ವ್ಯತ್ಯಾಸವಿರುತ್ತಿರಲಿಲ್ಲ. ಇಕ್ಕಳವನ್ನು ಮಾತ್ರ ಅತ್ತೆ ಹದಿನೆಂಟು ವರ್ಷ ಯಾರ ಕೈಗೂ ಕೊಟ್ಟವಳಲ್ಲ.

ಹಾಗೆಂದು ಕೇಳಿದವರು ಇರಲಿಲ್ಲವೆಂದಲ್ಲ. ಅತ್ತೆಯ ಮಗ, ಅಂದರೆ ನನ್ನ ಭಾವ, ಬೆಂಕಿಯ ವಿಷಯದಲ್ಲಿ ನೀರು ಕಾಯಿಸಲೂ ಗಡಿಯಾರ ನೋಡುವ ಪ್ರಾಣಿ. ಅವನ ಹೆಂಡತಿ ಹಾಗಲ್ಲ. ಹಲ್ಲಿನ ಡಾಕ್ಟರರ ಬಳಿ ಕಟ್ಟುಹಲ್ಲು ತಯಾರಿಸುವ ಕೆಲಸ ಅವಳದು. ಅಚ್ಚು, ಕಾವು, ಬಣ್ಣ ಎಲ್ಲ ಬಲ್ಲವಳು, ಮನೆಯೊಳಗಿನ ಒಲೆಯಲ್ಲಿ ಅವಳ ಕೈ ಆಡಿತೆಂದರೆ ಬೀದಿಗೆಲ್ಲ ಘಮಲು. ಮದುವೆಯಾದ ಎರಡನೆಯ ವರ್ಷ, ಒಂದು ಭಾನುವಾರ, ಅತ್ತೆ ಒಳಗೆ ಹೋಗಿದ್ದಾಗ ಅವಳು ಇಕ್ಕಳ ಹಿಡಿದು ತೆನೆಗಳನ್ನು ಹೊರಳಿಸತೊಡಗಿದಳು. ಅತ್ತೆ ಬಂದವಳೇ ಇಪ್ಪತ್ತು ಜನರೆದುರು ಇಕ್ಕಳವನ್ನು ಕಸಿದುಕೊಂಡು, "ಇದು ನಿನ್ನ ಕೈಗಲ್ಲ" ಎಂದುಬಿಟ್ಟಳು. ಸೊಸೆಯ ಮುಖ ಚಿಕ್ಕದಾಯಿತು. ಅಂದಿನಿಂದ ಆರು ವರ್ಷ ಅವಳು ಹಿತ್ತಲಿಗೆ ತಟ್ಟೆ ತರುತ್ತಿದ್ದಳು, ತಟ್ಟೆ ಒಯ್ಯುತ್ತಿದ್ದಳು, ಗ್ರಿಲ್ಲಿನ ಎರಡು ಮಾರು ಆಚೆಗೇ ನಿಲ್ಲುತ್ತಿದ್ದಳು. ಅತ್ತೆ ಗಟ್ಟಿಗಿತ್ತಿ ನಿಜ, ಆದರೆ ಇನ್ನೊಬ್ಬರ ಕೈ ಮೇಲಾಗುವುದನ್ನು ಸಹಿಸಳು ಎಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಂಡೆವು. ನಾನೂ ಆಡಿಕೊಂಡೆ, ಆ ನಾಚಿಕೆ ನನಗೆ ಇನ್ನೂ ಇದೆ.

ಕಳೆದ ವರ್ಷ ಗ್ರಿಲ್ಲಿನ ತಳ ತುಕ್ಕು ಹಿಡಿದು ಕಳಚಿ ಬಿತ್ತು. ಅತ್ತೆ ನನ್ನ ಅಪ್ಪನಿಗೆ ಫೋನು ಮಾಡಿ, "ಹಿತ್ತಲ ಗ್ರಿಲ್ ಹೋಯ್ತು" ಎಂದಳಂತೆ. ಅಪ್ಪನಿಗೆ ಗ್ರಿಲ್ ಎಂದರೆ ಕಿಟಕಿಯ ಸರಳು. "ಅಯ್ಯೋ ದೇವರೇ, ಏನೇನು ಕದ್ದರಕ್ಕಾ?" ಎಂದು ಗಾಬರಿಯಾಗಿ, ವೆಲ್ಡಿಂಗಿನವನೊಬ್ಬನನ್ನು ಜೊತೆಗೇ ಹತ್ತಿಸಿಕೊಂಡು ನನ್ನನ್ನೂ ಎಳೆದುಕೊಂಡು ಹೊರಟ. ವೆಲ್ಡಿಂಗಿನವನು ಹಿತ್ತಲಲ್ಲಿ ನಿಂತು ಗ್ರಿಲ್ಲಿನ ತಳವನ್ನು ನೋಡಿ, ಇದಕ್ಕೆ ಹಾಕುವ ತೇಪೆಗಿಂತ ಹೊಸದೇ ಮೇಲು ಎಂದು ಪ್ರಾಮಾಣಿಕವಾಗಿ ಹೇಳಿ ಹೋದ. ಹೀಗೆ ಮರುದಿನ ಅತ್ತೆ, ಭಾವ, ಸೊಸೆ ಮತ್ತು ನಾನು ಹೊಸ ಗ್ರಿಲ್ ಆರಿಸಲು ಹೊರಟೆವು. ಅತ್ತೆಯ ಕೋಟಿನ ಎರಡು ಜೇಬಿನಲ್ಲೂ ಒಂದೊಂದು ಪೊಟ್ಟಣ ಬ್ರೆಡ್ ಇತ್ತು.

ಅಂಗಡಿಯಲ್ಲಿ ಭಾವ ಸೀದಾ ಆರು ಬರ್ನರಿನ ಒಂದು ಭೀಮಕಾಯದ ಮುಂದೆ ಹೋಗಿ ನಿಂತ. ಅದಕ್ಕೊಂದು ಪುಟ್ಟ ಟಿವಿಯಂಥ ಪರದೆ ಬೇರೆ.

"ಅಮ್ಮಾ, ಕೋಳಿ ಬೆಂದರೆ ಫೋನಿಗೆ ಮೆಸೇಜು ಬರುತ್ತಂತೆ!"

"ಬೇಯಿಸೋರು ಅಲ್ಲೇ ನಿಂತಿರ್ತಾರಲ್ಲ, ಮೆಸೇಜು ಯಾರಿಗೋ? ಕೋಳಿಯ ಮನೆಯವರಿಗಾ? ಅಷ್ಟೇ ವಿಷಯ."

ಇದ್ದಿಲಿನ ಗ್ರಿಲ್ಲುಗಳ ಮುಂದೆ ಆಕೆ ತುಸು ನಿಂತಳು, ರುಚಿಗೆ ಅದೇ ಸೈ ಎಂದಳು. ಕೆಲಸ ಮುಗಿಸಿ ದಣಿದು ಬಂದವರಿಗೆ ಇದ್ದಿಲು ಕೆಂಪಗಾಗುವವರೆಗೆ ಕಾಯುವ ತಾಳ್ಮೆ ಇರದೆಂದು ಮುಂದೆ ನಡೆದಳು. ನಿವೃತ್ತಳಾದ ಈಕೆ ಯಾವ ಕೆಲಸದಿಂದ ದಣಿದು ಬರುತ್ತಾಳೆ ಎಂದು ಕೇಳಲು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆಮೇಲೆ ತಟ್ಟುವ ಕಾರ್ಯಕ್ರಮ. ಸಾಲಿನಲ್ಲಿದ್ದ ಮುಚ್ಚಳಗಳನ್ನೆಲ್ಲ ತಟ್ಟಿ, ತಗಡು ತೆಳುವಾದವನ್ನೆಲ್ಲ ಕೈಬೀಸಿ ತಳ್ಳಿಹಾಕಿ, ಕೊನೆಗೆ ಭಾವನ ಭೀಮನೂ ಸೇರಿ ಮೂರನ್ನು ಉಳಿಸಿ, "ಇವನ್ನ ಹಚ್ಚಿ ತೋರಿಸಿ" ಎಂದಳು. ಮಾರಾಟಗಾರ ಟೈ ಸರಿಮಾಡಿಕೊಂಡು, ಅಂಗಡಿಯೊಳಗೆ ಹಚ್ಚುವ ಹಾಗಿಲ್ಲ ಎಂದ. ಅತ್ತೆ ಜೇಬಿನಿಂದ ಬ್ರೆಡ್ ತೆಗೆದು ಎದುರಿಗಿಟ್ಟಳು. ಅವನಿಗೆ ಮಾತಿಗಿಂತ ಬ್ರೆಡ್ಡೇ ಹೆಚ್ಚು ಅರ್ಥವಾಗಿರಬೇಕು. ಹಿಂದಿನ ಅಂಗಳಕ್ಕೆ ಮೂರನ್ನೂ ತಳ್ಳಿಕೊಂಡು ಬಂದು ಸಿಲಿಂಡರ್ ಜೋಡಿಸಿದ.

ಪರೀಕ್ಷೆ ಸರಳವಾದದ್ದು. ಸರಳುಗಳ ಮೇಲೆ ಒಂದಿಂಚೂ ಬಿಡದೆ ಬ್ರೆಡ್ಡಿನ ಹೋಳು ಹಾಸಿ, ಮುಚ್ಚಳ ಮುಚ್ಚಿ, ಸ್ವಲ್ಪ ಹೊತ್ತಿಗೆ ತೆಗೆದು, ಇದ್ದ ಜಾಗದ ಕ್ರಮದಲ್ಲೇ ತಿರುವಿ ನೋಡುವುದು. ಎಲ್ಲಿ ಉರಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಬ್ರೆಡ್ ನಕ್ಷೆ ಬರೆದು ತೋರಿಸುತ್ತದೆ. ಭಾವನ ಭೀಮನಲ್ಲಿ ನಡುವಿನ ಹೋಳುಗಳು ಕರಕಲು, ಅಂಚಿನವು ಹಾಲುಬಿಳುಪು. ಉಳಿದೆರಡು ಮೂರು ಬರ್ನರಿನವು; ಎರಡರಲ್ಲೂ ಎಲ್ಲ ಹೋಳುಗಳು ಒಂದೇ ಹೊಂಬಣ್ಣ. ಮಾರಾಟಗಾರ ಆ ಹೋಳುಗಳನ್ನು ದಿಟ್ಟಿಸಿ, "ಹದಿಮೂರು ವರ್ಷದಿಂದ ಮಾರ್ತಿದ್ದೀನಮ್ಮ, ಇದು ಗೊತ್ತಿರಲಿಲ್ಲ" ಎಂದ.

ಇನ್ನು ಎರಡರಲ್ಲಿ ಒಂದು. ಗೋಡೆಗೆ ತೂಗುಹಾಕಿದ್ದ ಒಂದು ಇಕ್ಕಳವನ್ನು ತರಿಸಿಕೊಂಡು, ಅತ್ತೆ ಅದನ್ನು ಎಡಗೈಯಲ್ಲಿ ಹಿಡಿದಳು. ಎಡಗೈಯಲ್ಲೇ ಇಲ್ಲದ ತೆನೆಯನ್ನು ಹೊರಳಿಸಿದಳು, ಪಕ್ಕದ ಹಲಗೆಯಿಂದ ಇಲ್ಲದ ತಟ್ಟೆಯನ್ನು ಎತ್ತಿಕೊಂಡಳು, ಮುಚ್ಚಳವನ್ನೂ ಎಡಗೈಯಲ್ಲೇ ಎತ್ತಿ ಇಳಿಸಿದಳು. ಬಲಗೈ ಕೋಟಿನ ಜೇಬಿನಲ್ಲಿ ಸುಮ್ಮನೆ ಇತ್ತು. ಕೈ ಒಗ್ಗದೆ ಇಕ್ಕಳ ಎರಡು ಸಲ ಜಾರಿ ಬಿತ್ತು. ಎರಡು ಗ್ರಿಲ್ಲಿನ ಮುಂದೆಯೂ ಇದನ್ನೇ ಮಾಡಿ, ತುಸು ಎತ್ತರವಾಗಿದ್ದುದರ ಮುಚ್ಚಳದ ಮೇಲೆ ಎಡಗೈಯಿಟ್ಟು "ಇದೇ" ಎಂದಳು.

ಭಾವನ ಮುಖ ಬಿಳಿಚಿತು. ಪಾರ್ಶ್ವವಾಯುವಿನ ಲಕ್ಷಣಗಳನ್ನು ಎಲ್ಲೋ ಓದಿದ್ದನಂತೆ.

"ಅಮ್ಮಾ, ಬಲಗೈಗೆ ಏನಾಯ್ತು? ಎಲ್ಲಿ, ಒಂದ್ಸಲ ನಗು. ನಗಮ್ಮಾ!"

"ಯಾಕೋ? ನಗೋಂಥದ್ದು ಏನಾಯ್ತು?"

"ಎರಡೂ ಕೈ ಮೇಲೆತ್ತು! ರೀ, ಒಂದು ಕುರ್ಚಿ ತನ್ನಿ, ನೀರು ತನ್ನಿ!"

ಮಾರಾಟಗಾರ ಕುರ್ಚಿಗೆ ಓಡಿದ. ಅತ್ತೆ ಬಲಗೈಯನ್ನು ಜೇಬಿನಿಂದ ತೆಗೆದು ಮಗನ ಮಣಿಕಟ್ಟನ್ನು ಒಮ್ಮೆ ಹಿಡಿದಳು. "ಅಯ್ಯಯ್ಯೋ, ಬಿಡಮ್ಮ, ಬಿಡು!" ಎಂದು ನಲವತ್ತು ದಾಟಿದ ಗಂಡಸು ಅಂಗಳದಲ್ಲೇ ಕುಣಿದ. ರೋಗಪರೀಕ್ಷೆ ಅಲ್ಲಿಗೆ ಮುಗಿಯಿತು.

"ನಿನ್ನ ಹೆಂಡತಿ ಯಾವ ಕೈಲಿ ಕೆಲಸ ಮಾಡ್ತಾಳೆ?" ಅತ್ತೆ ಕೇಳಿದಳು.

ಭಾವ ಮಣಿಕಟ್ಟು ಉಜ್ಜಿಕೊಳ್ಳುತ್ತ ಹೆಂಡತಿಯ ಕೈಗಳನ್ನು ನೋಡಿದ.

"ಎಂಟು ವರ್ಷ ಆಯ್ತು, ಮನೇಲಿ ಒಬ್ಬಳು ಎಡಚಿ ಇದ್ದಾಳೆ ಅನ್ನೋದು ಗಂಡನೂ ಕೈ ನೋಡಿಯೇ ಹೇಳಬೇಕು. ಆ ಹಳೇ ಗ್ರಿಲ್ಲು ಬಲಗೈಯೋರಿಗೆ ಮಾಡಿದ್ದು ಕಣೋ. ತಟ್ಟೆ ಇಡೋ ಹಲಗೆ ಬಲಕ್ಕೆ, ಮುಚ್ಚಳದ ಮುರಿದ ಹಿಡಿಯನ್ನ ನಾನು ಕೂರಿಸಿದ್ದೂ ಬಲಕ್ಕೆ. ಅವತ್ತು ಇವಳು ಉರಿ ಮೇಲೆ ತೋಳು ಚಾಚಿ ತಟ್ಟೆಗೆ ಕೈ ಹಾಕ್ತಿದ್ದಳು. ಸೆರಗು ಇನ್ನೊಂದು ಬೆರಳು ಕೆಳಗೆ ಇದ್ದಿದ್ದರೆ? ಅದಕ್ಕೇ ಕಿತ್ಕೊಂಡೆ. ಅಷ್ಟೇ ವಿಷಯ."

 "ಆರು ವರ್ಷದಲ್ಲಿ ಒಂದ್ಸಲ ಈ ಮಾತು ಹೇಳಬಾರದಿತ್ತಾ ಅತ್ತೆ?" ಎಂದಳು ಸೊಸೆ. ದನಿಯಲ್ಲಿ ಅಳುವಿತ್ತು, ಸಿಟ್ಟೂ ಇತ್ತು.

ಅತ್ತೆ ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಹೇಳಬೇಕಿತ್ತು," ಎಂದಳು. "ಬೈಯೋಕೆ ಬಂದಷ್ಟು ಸಲೀಸಾಗಿ ನಂಗೆ ಅದು ಬರಲ್ಲ. ಒಳಗೆ ಓವನ್ನಿನಲ್ಲಿ ನೀನು ಅರ್ಧಕ್ಕೇ ತಟ್ಟೆ ತಿರುಗಿಸಿಡೋದು ನೋಡಿದ್ದೀನಿ. ಯಾರೂ ಹೇಳಿಕೊಡದೆ ಹಿಂದಿನ ಕಾವು ಜಾಸ್ತಿ ಅಂತ ತಿಳಿದವಳು ನೀನು. ಇನ್ನು ಇದು ನಿಂದು."

"ನೀವಿರೋವಾಗ ನಾನು ಹೇಗೆ ಅತ್ತೆ..."

"ನಾನಿರೋವಾಗಲೇ. ಸತ್ತ ಮೇಲೆ ಕೊಡೋಕೆ ಇದೇನು ಸೈಟಾ?"

ಈ ಮಾತಿನ ಬೆಲೆ ತಿಳಿಯಬೇಕಾದರೆ ಒಂದು ಸಂಗತಿ ಹೇಳಬೇಕು. ಕಾರ್ಖಾನೆಯಲ್ಲೂ ಅತ್ತೆ ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಭಟ್ಟಿಯನ್ನು ತನ್ನ ಕೈಕೆಳಗಿನ ಒಬ್ಬಳಿಗೆ ವಹಿಸಿ, ತಾನು ಬಟ್ಟಲು ತಟ್ಟುವ ಮೇಜಿಗೆ ಹೋಗಿ ಕುಳಿತಿದ್ದಳು. ಕೈ ನಡುಗಿದ ಮೇಲೆ ಕೊಟ್ಟರೆ ಅದು ಕೊಟ್ಟದ್ದಲ್ಲ, ಜಾರಿ ಬಿದ್ದದ್ದು ಎನ್ನುತ್ತಿದ್ದಳಂತೆ.

ಸೊಸೆ ಕಣ್ಣೊರೆಸಿಕೊಂಡು ಮುಂದೆ ಬಂದಳು. ಅತ್ತೆ ಆರಿಸಿದ್ದ ಗ್ರಿಲ್ಲಿನ ಮುಂದೆ ನಿಂತು, ಎಡಗೈಯಲ್ಲಿ ಇಕ್ಕಳ ಹಿಡಿದು ಎರಡು ಸಲ ಆಡಿಸಿದಳು. ಆಮೇಲೆ ಪಕ್ಕದ ಇನ್ನೊಂದರ ಮುಂದೆ ನಿಂತು ಹಾಗೇ ಆಡಿಸಿದಳು.  "ಅದಲ್ಲ ಅತ್ತೆ, ಇದು," ಎಂದಳು. "ನೀವು ನನ್ನ ಕೈ ಲೆಕ್ಕಕ್ಕೆ ತಗೊಂಡ್ರಿ, ಎತ್ತರ ನಿಮ್ಮದೇ ಇಟ್ಕೊಂಡ್ರಿ. ಅದ್ರಲ್ಲಿ ನನ್ನ ಮೊಣಕೈ ಮೇಲೇಳುತ್ತೆ, ಅರ್ಧ ಗಂಟೆಗೆ ಭುಜ ಹಿಡ್ಕೊಳುತ್ತೆ."

ಅತ್ತೆಯ ತೀರ್ಮಾನವನ್ನು ಮುಖಕ್ಕೆ ಮುಖ ಕೊಟ್ಟು ತಿದ್ದಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಭಾವ ಮಣಿಕಟ್ಟನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅತ್ತೆ ಆ ಗ್ರಿಲ್ಲನ್ನೊಮ್ಮೆ, ಈ ಗ್ರಿಲ್ಲನ್ನೊಮ್ಮೆ, ಸೊಸೆಯ ಮೊಣಕೈಯನ್ನೊಮ್ಮೆ ನೋಡಿದಳು. ಆಮೇಲೆ ಆಕೆಯ ಮುಖ ಅರಳಿತು. "ಕೇಳಿದ್ರಲ್ಲ," ಎಂದು ಮಾರಾಟಗಾರನ ಕಡೆ ತಿರುಗಿ, "ಅವಳು ಹೇಳಿದ್ದನ್ನೇ ಕಟ್ಟಿ" ಎಂದಳು. ಹಿಂದಿರುಗುವಾಗ ದಾರಿಯುದ್ದಕ್ಕೂ ಮೊಣಕೈಯ ಮಾತನ್ನು ತಾನೇ ಕಂಡುಹಿಡಿದವಳಂತೆ ನನಗೆ ಮೂರು ಸಲ ವಿವರಿಸಿದಳು.

ಆ ತಿಂಗಳ ಕೊನೆಯ ಭಾನುವಾರ ಹಿತ್ತಲು ತುಂಬಿತ್ತು. ಗ್ರಿಲ್ಲಿನ ಮುಂದೆ ಸೊಸೆ. ಅತ್ತೆ ಗೆಳತಿಯರ ನಡುವೆ, ಕೋಟಿನ ಗುಂಡಿ ಹಾಕಿಕೊಂಡು, ಅತಿಥಿಯಂತೆ ಕುಳಿತಿದ್ದಳು. ಹೊಗೆ ಎದ್ದಾಗ ಅತ್ತೆಯ ಪಾದವೊಂದು ನೆಲವನ್ನು ಒತ್ತಿದ್ದನ್ನು ನಾನು ಕಂಡೆ. ಎದ್ದು ಮಾತ್ರ ಹೋಗಲಿಲ್ಲ. ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಮುದುಕಿಯೊಬ್ಬಳು ತೆನೆಯನ್ನು ಕಚ್ಚಿ, ಕಣ್ಣು ಕಿರಿದು ಮಾಡಿ, ಕೇಳಿದಳು:

"ಮೇಡಂ, ಇದು ನಿಮ್ಮ ಕೈಯಿಂದಲ್ಲ, ಅಲ್ವಾ?"

 ಸೊಸೆಯ ಇಕ್ಕಳ ಗಾಳಿಯಲ್ಲೇ ನಿಂತಿತು.

"ಅಲ್ಲ," ಎಂದಳು ಅತ್ತೆ, ಇಪ್ಪತ್ತೈದು ಜನಕ್ಕೂ ಕೇಳುವಂತೆ. "ನಂದು ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ."

ಕೈಕಸುಬಿನಲ್ಲಿ ಪಳಗಿದ ಇಂಥವರನ್ನು ನಾವು ಸುಲಭವಾಗಿ ಅಹಂಕಾರಿಗಳೆಂದು ಕರೆದುಬಿಡುತ್ತೇವೆ. ಅವರು ಸಲಕರಣೆಯನ್ನು ಬಿಡುವುದಿಲ್ಲ, ಹೊಗಳುವುದಿಲ್ಲ, ಬಯ್ಯುವುದಕ್ಕೆ ಮಾತ್ರ ಬಾಯಿ ತೆರೆಯುತ್ತಾರೆ. ಅವರು ವರ್ಷಗಟ್ಟಲೆ ನಮ್ಮ ಕೈಗಳನ್ನು ನೋಡುತ್ತಿರುತ್ತಾರೆಂಬುದು ನಮಗೆ ತಿಳಿಯುವುದೇ ಇಲ್ಲ. ತಾನು ಮಾಡಿದ್ದು ಚೆನ್ನಾಗಿದೆ ಎಂದುಕೊಳ್ಳುವ ಹೆಮ್ಮೆ ನನ್ನಂಥವನಲ್ಲೂ ಇದೆ, ಅದು ಅಗ್ಗದ ಸರಕು. ತನ್ನದಕ್ಕಿಂತ ಇದು ಚೆನ್ನಾಗಿದೆ ಎಂದು ತುಂಬಿದ ಹಿತ್ತಲಲ್ಲಿ ತಲೆಯೆತ್ತಿ ಹೇಳುವ ಹೆಮ್ಮೆಗೆ ಬೇರೆಯೇ ಎದೆ ಬೇಕು, ಅಂಥ ಎದೆಯವರು ಸಾವಿರಕ್ಕೊಬ್ಬರು ಸಿಕ್ಕರೆ ಹೆಚ್ಚು, ಅವರಲ್ಲೊಬ್ಬಳನ್ನು ನಾನು ಅತ್ತೆ ಎಂದು ಕರೆಯುತ್ತೇನೆ.