ಸಾವಕಾರರ ತಣ್ಣನೆಯ ಗಾಡಿ

ಅಫಜಲಪುರದ ದೌಲತರಾಯ ಸಾವಕಾರರಿಗೆ ತಮ್ಮ ತೊಗರಿ ಹೊಲಕ್ಕಿಂತ ತಮ್ಮ ಗಾಡಿಯ ಮೇಲೆ ಹೆಮ್ಮೆ ಹೆಚ್ಚು. ಗಾಡಿ ಹೊಸದೇನಲ್ಲ. ಹಿಂದಿನ ಬಾಗಿಲನ್ನು ಒದ್ದರೇ ಮುಚ್ಚಿಕೊಳ್ಳುವುದು, ಹಾರ್ನ್ ಮನಸ್ಸು ಬಂದಾಗ ಮಾತ್ರ ಕೂಗುವುದು. ಆದರೆ ಅದರ ಎಂಜಿನ್ ಬಿಸಿಯಾಗುತ್ತಿರಲಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಊರಿನ ಜೀಪುಗಳೆಲ್ಲ ಬಾನೆಟ್ ತೆರೆದುಕೊಂಡು ಬೇವಿನ ಗಿಡದ ಕೆಳಗೆ ಉಗಿ ಬಿಡುತ್ತ ನಿಂತಿದ್ದರೆ ಇವರ ಗಾಡಿ ಅವುಗಳ ಮುಂದೆಯೇ ಠೀವಿಯಿಂದ ಹೋಗುತ್ತಿತ್ತು. ಬಿಸಿ ತೋರಿಸುವ ಮುಳ್ಳು ಕೆಳಗೆ ಮಲಗಿದ್ದು ಮಲಗಿದ ಹಾಗೆಯೇ ಇರುತ್ತಿತ್ತು. ಯಾರೇ ಗಾಡಿ ಹತ್ತಿದರೂ ಸಾವಕಾರರು ಮೊದಲು ಆ ಮುಳ್ಳನ್ನು ತೋರಿಸಬೇಕು.

"ನೋಡ್ರಿ, ಎಷ್ಟ್ ತಣ್ಣಗ ಅದ. ಮಾಲಕರ ಗುಣಾನೇ ಗಾಡಿಗೂ ಬಂದದ."

ಈ ಮಾತು ಕೇಳಿದಾಗಲೆಲ್ಲ ಹೆಂಡತಿ ಗೌರಾಬಾಯಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಚಹಾಕ್ಕೆ ಸಕ್ಕರೆ ಒಂದು ಚಿಟಿಕೆ ಕಡಿಮೆಯಾದರೆ ಓಣಿಗೆಲ್ಲ ಕೇಳುವಂತೆ ಕೂಗಾಡುವ ಮನುಷ್ಯ ತನ್ನನ್ನು ತಾನೇ ತಣ್ಣಗಿನವನು ಎಂದುಕೊಂಡರೆ ಪಾಪ, ಯಾಕೆ ಬೇಡ ಅನ್ನಬೇಕು?

ಗೌರಾಬಾಯಿಗೂ ಆ ಗಾಡಿ ಬಹಳ ಬೇಕಾದದ್ದು. ಮಗಳು ಐಶ್ವರ್ಯಾಳನ್ನು ಕೊಟ್ಟದ್ದು ಕಲಬುರಗಿಗೆ. ಮೊಮ್ಮಗು ಹುಟ್ಟಿದಂದಿನಿಂದ ಸೋಮವಾರ ತಪ್ಪಿದರೂ ಗೌರಾಬಾಯಿಯ ಕಲಬುರಗಿ ತಪ್ಪುತ್ತಿರಲಿಲ್ಲ. ಮೊಮ್ಮಗುವಿನ ಹೆಸರಿನಲ್ಲಿ ಇನ್ನೊಂದು ಸುಖವೂ ಇತ್ತು. ಅದನ್ನು ಹೊರಗೆ ಹೇಳುವಂತಿರಲಿಲ್ಲ. ದಾರಿಯಲ್ಲಿ ಚೌಡಾಪುರ ಬರುತ್ತದೆ. ಅಲ್ಲಿ ಬೆಳಿಗ್ಗೆ ಬಿಸಿ ಬಿಸಿ ಜಿಲೇಬಿ ಕರಿಯುತ್ತಾರೆ. ಗೌರಾಬಾಯಿಗೆ ಶುಗರ್ ಬಂದ ಮೇಲೆ ಡಾಕ್ಟರು ಸಿಹಿ ಮುಟ್ಟಬೇಡಿ ಅಂದಿದ್ದರು. ಸಾವಕಾರರು ಆ ಮಾತನ್ನು ಡಾಕ್ಟರಿಗಿಂತ ಜೋರಾಗಿ ನೂರು ಸಲ ಹೇಳಿ, ಮನೆಯ ಬೆಲ್ಲದ ಡಬ್ಬಿಗೂ ಕೀಲಿ ಹಾಕಿದ್ದರು. ಗಾಡಿಯಲ್ಲಿ ಮಾತ್ರ ಅವರ ಕಾವಲು ಇರಲಿಲ್ಲ. ಅಲ್ಲಿ ಇದ್ದವನು ಡ್ರೈವರ್ ಅಮೀರ.

ಅಮೀರ ಚೌಡಾಪುರದಲ್ಲಿ ತಾನಾಗಿಯೇ ಗಾಡಿ ನಿಲ್ಲಿಸುತ್ತಿದ್ದ, ಕಾಗದದಲ್ಲಿ ಸುತ್ತಿಸಿಕೊಂಡು ತರುತ್ತಿದ್ದ, ತಂದು ಕೊಟ್ಟು ಕನ್ನಡಿಯ ಕಡೆ ನೋಡದೆ ಬೀಡಿ ಸೇದುವ ನೆಪದಲ್ಲಿ ದೂರ ಹೋಗುತ್ತಿದ್ದ. "ಎಂಜಿನ್ ಬಂದ್ ಮಾಡಬ್ಯಾಡಪ್ಪ, ಹೀಟರ್ ಜರಾ ಬಿಸಿ ಆಗ್ಲಿ" ಎಂದು ಗೌರಾಬಾಯಿ ಹೇಳುವಳು. ಡಿಸೆಂಬರ್ ತಿಂಗಳ ಥಂಡಿಗೆ ಆ ಹೀಟರಿನಿಂದ ಬರುತ್ತಿದ್ದದ್ದೂ ಥಂಡಿ ಗಾಳಿಯೇ. ಆದರೂ ಬಾಯಲ್ಲಿ ಜಿಲೇಬಿ ಇದ್ದವರಿಗೆ ಹೆಚ್ಚು ತಕರಾರು ಇರುವುದಿಲ್ಲ.

ಒಂದು ದಿನ ಸಾವಕಾರರು ಅಂಗಳದಲ್ಲಿ ನಿಂತು ಗುಡುಗಿದರು. ಗಾಡಿ ಡೀಸೆಲ್ ವಿಪರೀತ ಕುಡಿಯುತ್ತಿದೆ. ಅಷ್ಟೇ ಅಲ್ಲ, ಚೌಡಾಪುರದಲ್ಲಿ ಪಂಕ್ಚರ್ ಅಂಗಡಿಯ ದಿಲೀಪ ಹೇಳಿದ್ದಾನೆ, ಗಾಡಿ ಸೋಮವಾರ ಸೋಮವಾರ ಅಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲುತ್ತದಂತೆ.

"ಯಾಕ ನಿಲ್ತದ ಹೇಳು ಅಮೀರ! ಪೈಪ್ ಹಚ್ಚಿ ಡೀಸೆಲ್ ಜಗ್ಗಿ ಮಾರಾಕತ್ತಿಯೇನು?"

ಅಮೀರನ ಮುಖ ಬಿಳಿಚಿತು. "ಅಲ್ಲಾನ ಆಣೆ ಸಾವಕಾರ್ರ, ಒಂದ್ ಹನಿ ಮುಟ್ಟಿಲ್ರಿ."

"ಮತ್ತ ಯಾಕ ನಿಲ್ಸ್ತಿ?"

ಅಮೀರ ನೆಲ ನೋಡಿದ. ಕಟ್ಟೆಯ ಮೇಲಿದ್ದ ಗೌರಾಬಾಯಿಯ ಕಡೆ ಕಣ್ಣು ಕೂಡ ಎತ್ತಲಿಲ್ಲ. ಅವಳು ಬಾಯಿ ತೆರೆಯಬೇಕು ಅಂದುಕೊಂಡಳು, ಗಂಡನ ಮೀಸೆ ಕುಣಿಯುತ್ತಿದ್ದದ್ದು ನೋಡಿ ಮುಚ್ಚಿಕೊಂಡಳು. ಅಮಾವಾಸ್ಯೆ ಆದ ಮೇಲೆ ಅಣ್ಣನ ಮಗ ಮಹೇಶಕುಮಾರ ಗಾಡಿ ಹೊಡೆಯುತ್ತಾನೆ, ಅಮೀರ ಬೇರೆ ಕೆಲಸ ನೋಡಿಕೊಳ್ಳಲಿ ಎಂದು ಸಾವಕಾರರು ತೀರ್ಪು ಕೊಟ್ಟು ಒಳಗೆ ಹೋದರು. ಅಷ್ಟಕ್ಕೇ ಬಿಡದೆ ಚೌಡಾಪುರದ ಹೋಟೆಲಿನ ಬೆಂಚಿನ ಮೇಲೆ ಕುಳಿತು "ನಮ್ಮ ಡ್ರೈವರ್ ಡೀಸೆಲ್ ಕಳ್ಳ" ಎಂದು ನಾಲ್ಕು ಜನಕ್ಕೆ ಹೇಳಿಯೂ ಬಂದರು. ಡೀಸೆಲ್ ಕಳ್ಳ ಅನ್ನಿಸಿಕೊಂಡ ಡ್ರೈವರನಿಗೆ ಇನ್ನು ಯಾರು ಕೀಲಿಕೈ ಕೊಡುತ್ತಾರೆ?

ಗೌರಾಬಾಯಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಆದರೂ ತನ್ನ ಗುಟ್ಟು ಉಳಿದು ಅಮೀರನ ಹೆಸರೂ ಉಳಿಯುವ ದಾರಿ ಸಿಕ್ಕರೆ ಒಳ್ಳೆಯದಲ್ಲವೇ ಎಂದು ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಲೇ ಇತ್ತು. ಅಮೀರ ಕದ್ದಿಲ್ಲ, ಅದು ಖರೇ. ಅಂದ ಮೇಲೆ ಡೀಸೆಲ್ ಕುಡಿಯುವುದು ಗಾಡಿಯೇ. ಯಾಕೆ ಕುಡಿಯುತ್ತದೆ?

ರೊಟ್ಟಿ ಬಡಿಯುತ್ತ ಕುಳಿತಾಗ ಹೊಳೆಯಿತು. ಒಲೆಯ ಬಾಯಿಗೆ ಗಾಳಿ ಬಡಿಯುತ್ತಿದ್ದರೆ ಹಂಚು ಕಾಯುವುದೇ ಇಲ್ಲ, ಕಟ್ಟಿಗೆ ಮಾತ್ರ ಹೊರೆಗಟ್ಟಲೆ ಹೋಗುತ್ತದೆ. ಹೀಟರ್ ಥಂಡಿ, ಮುಳ್ಳು ಥಂಡಿ. ಗಂಡ ಊರೆಲ್ಲ ಹೊಗಳುತ್ತ ತಿರುಗುವ ಆ ಥಂಡಿಯೇ ರೋಗ ಯಾಕಾಗಿರಬಾರದು? ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಎದ್ದಳು.

ಮೇಸ್ತ್ರಿ ಅಬ್ದುಲ್ ಗನಿಯ ಗ್ಯಾರೇಜಿಗೆ ಅಮೀರನ ಜೊತೆ ಗಾಡಿ ತೆಗೆದುಕೊಂಡು ಹೋಗಿ ನೇರವಾಗಿ ಕೇಳಿದಳು. "ಗನಿಭಾಯಿ, ಎಂಜಿನ್ ಬಿಸಿನೇ ಆಗದಿದ್ರ ಅದೂ ಬ್ಯಾನಿನೇನ್ರಿ?"

ಗನಿ ನಕ್ಕ. "ಅವ್ವಾರ, ಈ ಧಂದೆಕ್ಕ ಬಂದಾಗಿಂದ ಬಿಸಿ ಆಗ್ತದ ಅಂತ ಅಳೋರನ್ನೇ ನೋಡೇನಿ. ಥಂಡಿ ಅದ ಅಂತ ಬಂದೋರು ನೀವೇ ಮೊದಲು."

ನಗುತ್ತಲೇ ಬಾನೆಟ್ ತೆರೆದ. ಮುಳ್ಳು ಸುಳ್ಳು ಹೇಳುತ್ತಿರಲೂಬಹುದು, ಅದನ್ನು ನಂಬಬಾರದು ಎಂದ. ಎಂಜಿನ್ ಪೂರ್ತಿ ಆರುವ ತನಕ ಕಾದು, ಮತ್ತೆ ಚಾಲೂ ಮಾಡಿಸಿ, ರೇಡಿಯೇಟರಿಗೆ ಹೋಗುವ ಮೇಲಿನ ದಪ್ಪ ರಬ್ಬರ್ ಪೈಪಿನ ಮೇಲೆ ಕೈ ಇಡಲು ಹೇಳಿದ. ಗೌರಾಬಾಯಿ ಬಳೆ ಹಿಂದೆ ಸರಿಸಿ ಕೈ ಇಟ್ಟಳು. ಎಂಜಿನ್ನಿಗೆ ಕಾವು ಏರುವ ತನಕ ಆ ಪೈಪು ತಣ್ಣಗೇ ಇರಬೇಕು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕಂತೆ. ಇಲ್ಲಿ ಎಂಜಿನ್ ಚಾಲೂ ಆದದ್ದೇ ತಡ, ಪೈಪು ಮೆಲ್ಲಗೆ ಬೆಚ್ಚಗಾಗತೊಡಗಿತು. ಹುಟ್ಟಿದ ಕಾವು ಹುಟ್ಟಿದಂತೆಯೇ ರೇಡಿಯೇಟರಿಗೆ ಹೋಗಿ ಆರುತ್ತಿತ್ತು.

"ಕಾವು ಏರೋ ತನಕ ನೀರು ತಡೆಯೋ ವಾಲ್ವ್ ಒಳಗ ಇಲ್ರಿ" ಎಂದು ಗನಿ ತಲೆ ಕೆರೆದುಕೊಂಡ. "ಇಲ್ಲ ಅಂದ್ರ... ನಾನೇ ತೆಗ್ದೇನಿ. ಹಿಂದ ಬ್ಯಾಸಿಗ್ಯಾಗ ಗಾಡಿ ಕುದ್ದಿತ್ತು. ರೇಡಿಯೇಟರಿನಾಗ ಹೊಟ್ಟು ಸಿಕ್ಕಿತ್ತು, ಸಾಫ್ ಮಾಡ್ದೆ. ಸಾವಕಾರ್ರು ವಾಲ್ವೂ ಕಿತ್ತು ಒಗಿ ಅಂದ್ರು. ನಮ್ಮ ಕಡಿ ಬಿಸಿಲಿಗೆ ಎಲ್ಲಾರೂ ಕೀಳಸ್ತಾರ, ನಾವೂ ಕೀಳ್ತೇವಿ."

"ಅದು ಈಗ ಎಲ್ಲದ?"

"ನನ್ನ ರೊಕ್ಕದ ಸಾಮಾನು ಅಂತ ಅವ್ರೇ ಕಿಸೆದಾಗ ಹಾಕ್ಕೊಂಡು ಹೋದ್ರಲ್ಲ!"

ಗೌರಾಬಾಯಿಗೆ ಮುಂದೆ ಕೇಳುವ ಅಗತ್ಯವೇ ಬೀಳಲಿಲ್ಲ. ಗಂಡನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಆ ಹಿತ್ತಾಳೆಯ ಸ್ಪ್ರಿಂಗಿನ ಸಾಮಾನನ್ನು ಅವಳು ದಿನಾ ಒರೆಸಿ ಇಡುತ್ತಿದ್ದಳು.

ಸಂಜೆ ಚಹಾಕ್ಕೆಂದು ಸಾವಕಾರರು ಒಳಗೆ ಬಂದರೆ ಒಲೆಯ ಮೇಲಿನ ಪಾತ್ರೆಯಲ್ಲಿ ಚಹಾಪುಡಿ ಇಲ್ಲ. ನೀರಿನಲ್ಲಿ ಅವರ ಕಾಗದದ ಭಾರ ಮುಳುಗಿದೆ.

"ಏನ್ ಕುದಸಾಕತ್ತಿ ಗೌರಾ? ತಲಿ ಗಿಲಿ ಕೆಟ್ಟದೇನು?"

"ಕುಂತು ನೋಡ್ರಿ."

ನೀರು ಕುದಿ ಬರುತ್ತಿದ್ದಂತೆ ಆ ಸಾಮಾನು ಮೆಲ್ಲಗೆ ಬಾಯಿ ತೆರೆಯಿತು. ಚಿಮಟಿಗೆಯಿಂದ ಎತ್ತಿ ತಣ್ಣೀರಿಗೆ ಹಾಕಿದಳು, ಸ್ವಲ್ಪ ಹೊತ್ತಿಗೆ ಮುಚ್ಚಿಕೊಂಡಿತು. ಸಾವಕಾರರು ಇನ್ನೊಮ್ಮೆ ಹಾಕಿಸಿ ನೋಡಿದರು, ಮತ್ತೊಮ್ಮೆ ತಾವೇ ಹಾಕಿ ನೋಡಿದರು. ಗೌರಾಬಾಯಿ ಹೇಳಿದಳು, "ಬಾಯಿ ಯಾವಾಗ ತೆಗೀಬೇಕು, ಯಾವಾಗ ಮುಚ್ಚಬೇಕು ಅಂತ ತಿಳಿಯೋದು ಈ ಮನ್ಯಾಗ ಇದಕ್ಕೊಂದಕ್ಕೇ. ಇದನ್ನೇ ಕಿತ್ತು ಮೇಜಿನ ಮ್ಯಾಲ ಇಟ್ಟೀರಿ. ಎಂಜಿನ್ ಕಾವು ಹಿಡೀಲಾರದೇ ಡೀಸೆಲ್ ಕುಡ್ಯಾಕತ್ತದ. ಅಮೀರ ಅಲ್ಲ."

ಸಾವಕಾರರು ಆ ಸಾಮಾನನ್ನು ಒರೆಸಿ ಕಿಸೆಗೆ ಹಾಕಿಕೊಂಡರು. ಮರುದಿನ ಗನಿ ವಾಲ್ವನ್ನು ಅದರ ಜಾಗದಲ್ಲಿ ಕೂರಿಸಿದ. ಸೋಮವಾರ ತಾವೂ ಬರುವುದಾಗಿ ಹೇಳಿ ಸಾವಕಾರರು ಅಮೀರನ ಪಕ್ಕದ ಸೀಟಿನಲ್ಲಿ ಕುಳಿತರು.

ಊರು ದಾಟುತ್ತಿದ್ದಂತೆ ಮುಳ್ಳು ಎದ್ದಿತು. ಸಾವಕಾರರ ಎದೆ ಧಸಕ್ಕೆಂದಿತು. "ಏರಾಕತ್ತದ! ನಿಲ್ಸಲೇ, ನಿಲ್ಸು!" ಮುಳ್ಳು ನಡುಮಧ್ಯಕ್ಕೆ ಬಂದು ನಿಂತಿತು, ಮುಂದೆ ಒಂದು ಕೂದಲಿನಷ್ಟೂ ಸರಿಯಲಿಲ್ಲ. ಹೀಟರಿನಿಂದ ಬೆಚ್ಚನೆಯ ಗಾಳಿ ಬಂತು. ಸಾವಕಾರರು ಮಫ್ಲರ್ ಬಿಚ್ಚಿದರು. ಕಲಬುರಗಿಗೆ ಹೋಗಿ, ಮೊಮ್ಮಗುವನ್ನು ಮುದ್ದಾಡಿ ತಿರುಗಿ ಹೊರಟಾಗ ಡೀಸೆಲ್ಲಿನ ಮುಳ್ಳು ನೋಡಿದರು. ಪ್ರತಿ ಸಲ ಇಷ್ಟು ಹೊತ್ತಿಗೆ ಕೆಳಗೆ ಬೀಳುತ್ತಿದ್ದದ್ದು ಇಂದು ಮೇಲೆಯೇ ಇತ್ತು.

"ಆಯ್ತಪ್ಪ, ಡೀಸೆಲ್ ಮಾತು ಬಿಟ್ಟೆ" ಎಂದರು. ಗೌರಾಬಾಯಿ ಹಿಂದಿನ ಸೀಟಿನಲ್ಲಿ ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಚೌಡಾಪುರ ಹತ್ತಿರ ಬಂತು, ಸಾವಕಾರರಿಗೆ ನೆನಪೂ ಬಂತು. "ಆದ್ರ ಇಲ್ಲಿ ಯಾಕ ನಿಲ್ಸ್ತಿದ್ದಿ? ಅದಕ್ಕೇನ್ ಹೇಳ್ತಿ?"

ಅಮೀರ ರಸ್ತೆಯಿಂದ ಕಣ್ಣು ತೆಗೆಯದೆ ಅಂದ, "ಚಾ ಕುಡ್ಯಾಕ ನಿಲ್ಸ್ತಿದ್ದೆರಿ. ನಂದೇ ತಪ್ಪು."

"ಹಿಂದ ಇವ್ಳನ್ನ ಚಳ್ಯಾಗ ಕುಂದ್ರಿಸಿ, ಎಂಜಿನ್ ಹಚ್ಚೇ ಇಟ್ಟು ನೀ ಚಾ ಕುಡಿಯೋದು? ಅದೂ ಕಳ್ಳತನಾನೇ!"

ಗೌರಾಬಾಯಿ ಸೀಟಿನ ಅಂಚಿಗೆ ಸರಿದಳು. ತಾನು ಗುಟ್ಟು ಉಳಿಸಿಕೊಳ್ಳಲು ಪೈಪು ಮುಟ್ಟಿ, ವಾಲ್ವ್ ಕುದಿಸಿ ಇಷ್ಟೆಲ್ಲ ಸರ್ಕಸ್ ಮಾಡಿದರೆ ಈ ಹುಡುಗ ಎರಡನೇ ಸಲವೂ ಅದೇ ಗುಟ್ಟಿಗಾಗಿ ಕಳ್ಳನಾಗಲು ತಯಾರಾಗಿ ಕುಳಿತಿದ್ದಾನೆ. ಅವಳ ಬಾಯಿ ತಾನಾಗಿಯೇ ತೆರೆಯಿತು.

"ಚಾ ಅಲ್ರಿ, ಜಿಲೇಬಿ. ತಿಂದಾಕಿ ನಾ. ಪ್ರತಿ ಸೋಮವಾರ. ಎಂಜಿನ್ ಬಂದ್ ಮಾಡಬ್ಯಾಡ ಅಂದಾಕೀನೂ ನಾನೇ."

ಸಾವಕಾರರ ಕಿವಿ ಕೆಂಪಾದವು. "ಗಾಡಿ ನಿಲ್ಸು" ಎಂದರು. ಇಳಿದು ಧೋತರದ ಚುಂಗು ಹಿಡಿದು, ಅಂದು ತಾವೇ ಕುಳಿತು ಚಾಡಿ ಹೇಳಿದ್ದ ಅದೇ ಬೆಂಚಿನ ಮುಂದೆ ನಿಂತರು. ಪಂಕ್ಚರ್ ದಿಲೀಪನೂ ಅಲ್ಲಿದ್ದ.

"ಕೇಳ್ರಿಲ್ಲಿ! ನಮ್ಮ ಅಮೀರಗ ನಾ ಡೀಸೆಲ್ ಕಳ್ಳ ಅಂದಿದ್ದೆ. ಅದು ನನ್ನ ತಪ್ಪು, ಅಂವ ಚೊಕ್ಕ ಮನಿಷಾ. ಖರೇ ಕಳ್ಳರು ಹಿಂದಿನ ಸೀಟಿನಾಗ ಕುಂತಾರ, ನೋಡ್ಕೊಳ್ರಿ."

ಬೆಂಚಿನವರೆಲ್ಲ ತಿರುಗಿ ನೋಡಿದರು. ಗೌರಾಬಾಯಿ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ನಾಚಿಕೆಯೂ ಆಯಿತು, ನಗುವೂ ಬಂತು, ಬಹಳ ದಿನದ ಮೇಲೆ ಎದೆ ಹಗುರವಾಯಿತು. ಸ್ಟೀಯರಿಂಗ್ ಹಿಡಿದು ಕುಳಿತಿದ್ದ ಅಮೀರ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ಸಾವಕಾರರು ದೊಡ್ಡದೊಂದು ಪೊಟ್ಟಣ ಕಟ್ಟಿಸಿಕೊಂಡು ಬಂದು ಅಮೀರನ ತೊಡೆಯ ಮೇಲಿಟ್ಟರು. "ನಿಮ್ಮವ್ವ ಹುಸೇನಬೀಗ ಒಯ್ಯಿ. ಹಿಂದಿನೋರಿಗಿ ಒಂದ್ ಎಳಿನೂ ಇಲ್ಲ. ನಾಳಿಂದ ಕೆಲಸಕ್ಕ ನೀನೇ ಬಾ."

ಗಾಡಿ ಹೊರಟಿತು. ಪೊಟ್ಟಣದ ವಾಸನೆ ಬೆಚ್ಚಗಿನ ಗಾಳಿಯ ಜೊತೆ ಹಿಂದಿನ ಸೀಟಿನ ತನಕ ಬಂತು. ಸ್ವಲ್ಪ ದೂರ ಹೋದ ಮೇಲೆ ಅಮೀರನ ಎಡಗೈ ಸೀಟುಗಳ ನಡುವಿನಿಂದ ಮೆಲ್ಲಗೆ ಹಿಂದೆ ಬಂತು. ಅದರಲ್ಲಿ ಕಾಗದದ ಚೂರು, ಕಾಗದದಲ್ಲಿ ಒಂದು ಸಣ್ಣ ಜಿಲೇಬಿ. ಗೌರಾಬಾಯಿ ಉಸಿರು ಬಿಗಿಹಿಡಿದು ಗಂಡನ ಕಡೆ ನೋಡಿದಳು. ದೌಲತರಾಯರು ಮುಂದಕ್ಕೆ ಬಾಗಿ, ನಡುಮಧ್ಯದಲ್ಲಿ ಅಲುಗಾಡದೆ ನಿಂತಿದ್ದ ಆ ಮುಳ್ಳನ್ನೇ ಬಹಳ ಹೊತ್ತು, ಬೇಕೆಂತಲೇ ನೋಡುತ್ತ ಕುಳಿತಿದ್ದರು.